ಆರು ಮೈಲಿ ಆಚೆಯ ಒಳಾಂಗಣ

ಹಳೆಯ ಬಾಸ್ಕೆಟ್‌ಬಾಲ್ ಪಂದ್ಯಗಳ ಅಂಕ ಕಂಡರೆ ಕೆಲವರಿಗೆ ನಗು. 15-14 ಅಂತೆ, ಈಗಿನ ಮಕ್ಕಳು ಹತ್ತು ನಿಮಿಷದಲ್ಲಿ ಹೊಡೆಯುತ್ತಾರೆ ಎಂಬ ಕುಹಕ ಬೇರೆ. ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ.

ಆ 15-14 ಅಮೆರಿಕದ ಇಂಡಿಯಾನಾ ರಾಜ್ಯದ 1913ರ ಶಾಲಾ ಪಂದ್ಯಾವಳಿಯ ಫೈನಲ್‌ನದು. ಒಂದು ಕಡೆ ಸೌತ್ ಬೆಂಡ್ ಎಂಬ ಕೈಗಾರಿಕಾ ನಗರ, ಇನ್ನೊಂದು ಕಡೆ ಮೆಕ್ಕೆಜೋಳದ ಹೊಲಗಳ ನಡುವಿನ, ಕೆಲವೇ ನೂರು ಜನರ ವಿಂಗೇಟ್. ಐದು ಹೆಚ್ಚುವರಿ ಅವಧಿ ಆಡಿದ ಮೇಲೆ ಹಳ್ಳಿಯ ಹುಡುಗರು ಗೆದ್ದರು. ಮರುವರ್ಷ ಮತ್ತೆ ಬಂದು ಆಂಡರ್ಸನ್ ತಂಡವನ್ನು 36-8ರಿಂದ ಹಣ್ಣುಗಾಯಿ ಮಾಡಿ ಹೋದರು.

ಅಂಕ ಕಡಿಮೆ ಏಕೆಂದರೆ ಆಗಿನ ಆಟವೇ ಹಾಗಿತ್ತು. ಬುಟ್ಟಿಗೆ ಚೆಂಡು ಬಿದ್ದಾಗಲೆಲ್ಲ ಅದನ್ನು ಅಂಕಣದ ನಡುವಿಗೆ ತಂದು, ಮೇಲೆಸೆದು, ಇಬ್ಬರು ಜಿಗಿಯಬೇಕಿತ್ತು. ಆ ನಿಯಮ ಹೋದದ್ದು 1937ರಲ್ಲಿ. ಇಷ್ಟು ಸೆಕೆಂಡಿನೊಳಗೆ ಚೆಂಡು ಎಸೆಯಲೇಬೇಕೆಂಬ ಕಟ್ಟುಪಾಡೂ ಇರಲಿಲ್ಲ. ಚೆಂಡಿನ ಕತೆಯನ್ನಂತೂ ಕೇಳಲೇಬೇಡಿ: ದಪ್ಪ ಚರ್ಮ, ಮೇಲೆ ಉಬ್ಬಿದ ಲೇಸು. ಲೇಸಿನ ಭಾಗ ನೆಲಕ್ಕೆ ತಾಗಿದರೆ ಅದು ಎತ್ತ ಪುಟಿಯುವುದೆಂದು ದೇವರೇ ಬಲ್ಲ.

ಇನ್ನೊಂದು ವಿಷಯ. ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕ 1891ರ ಡಿಸೆಂಬರಿನಲ್ಲಿ ಸ್ಪ್ರಿಂಗ್‌ಫೀಲ್ಡಿನಲ್ಲಿ ಪೀಚ್ ಹಣ್ಣಿನ ಬುಟ್ಟಿ ಕಟ್ಟಿ ಈ ಆಟ ಹುಟ್ಟಿಸಿದ್ದೇ ಚಳಿಗಾಲದಲ್ಲಿ ಒಳಗೆ ಆಡಲೆಂದು. ವಿಂಗೇಟ್ ಶಾಲೆಗೆ ಆ 'ಒಳಗೆ' ಎಂಬುದೇ ಇರಲಿಲ್ಲ. ಹುಡುಗರು ಬಯಲಿನಲ್ಲಿ ಅಭ್ಯಾಸ ಮಾಡಿದರು. ಒಳಾಂಗಣ ಬೇಕೆಂದರೆ ಆರು ಮೈಲಿ ದೂರದ ನ್ಯೂ ರಿಚ್‌ಮಂಡಿಗೆ ಹೋಗಬೇಕಿತ್ತು.

ಈ ಕತೆ ಹೇಳುವವರೆಲ್ಲ ಒಳಾಂಗಣವೇ ಇಲ್ಲದೆ ಗೆದ್ದ ಪವಾಡ ಎಂದು ಬಾಯಿ ಚಪ್ಪರಿಸುತ್ತಾರೆ. ನನ್ನ ತಕರಾರು ಇಲ್ಲೇ ಇದೆ. ಇಲ್ಲದೆ ಎಲ್ಲಿ ಗೆದ್ದರು? ಪಕ್ಕದ ಊರಿನಲ್ಲಿ ಇತ್ತು, ಆ ಊರು ಬಾಗಿಲು ತೆರೆಯಿತು. ಈ ಎರಡೂ ಊರುಗಳಿರುವ ಮಾಂಟ್‌ಗೋಮೆರಿ ಕೌಂಟಿಯದೇ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ಆದ ಕ್ರಾಫರ್ಡ್ಸ್‌ವಿಲ್ 1911ರ ಮೊಟ್ಟಮೊದಲ ರಾಜ್ಯ ಪ್ರಶಸ್ತಿ ಗೆದ್ದಿತ್ತು. ಮೊದಲ ನಾಲ್ಕು ಪ್ರಶಸ್ತಿಗಳಲ್ಲಿ ಮೂರು ಒಂದೇ ಕೌಂಟಿಗೆ! ಇದನ್ನು ಒಬ್ಬ ಹೋಮರ್ ಸ್ಟೋನ್‌ಬ್ರೇಕರನ ತೋಳ್ಬಲಕ್ಕೆ ಕಟ್ಟಲು ನನಗೆ ಮನಸ್ಸಿಲ್ಲ. ಆತ ವಿಂಗೇಟಿನ ತಾರೆ ಹೌದು, ಮುಂದೆ ವಬಾಷ್ ಕಾಲೇಜಿಗೂ ವೃತ್ತಿಪರ ತಂಡಕ್ಕೂ ಆಡಿದವನು. ಆದರೆ ಎದುರು ನಿಂತು ತಡೆಯಲು ನೆರೆಯ ಹುಡುಗರಿಲ್ಲದಿದ್ದರೆ ತಾರೆಗೆ ಸಾಣೆ ಹಿಡಿಯುವವರು ಯಾರು?

ವಿಂಗೇಟಿನ ಹುಡುಗರು ಅಭ್ಯಾಸ ಮುಗಿಸಿ ಹೊರಟ ಮೇಲೆ ನ್ಯೂ ರಿಚ್‌ಮಂಡಿನಲ್ಲಿ ಯಾರೋ ದೀಪ ಆರಿಸಿ, ನೆಲ ಗುಡಿಸಿ, ಬೀಗ ಹಾಕಿರಲೇಬೇಕು. ಪ್ರಶಸ್ತಿ ಮಾತ್ರ ಆರು ಮೈಲಿ ಆಚೆಯ ಊರಿಗೆ ಹೋಯಿತು.