8 ಮಿಲಿಮೀಟರ್ ಮಡಿ

ಚೆಂಡು ಗೆರೆಯೊಳಗೆ ಬಿತ್ತೋ ಹೊರಗೋ ಎಂದು ಹೇಳುವ ಯಂತ್ರವನ್ನು ಯಾರೋ ಆಫ್ ಮಾಡಿಬಿಟ್ಟಿದ್ದರಂತೆ.

ಅಷ್ಟೇ ವಿಷಯ. ಬಚ್ಚಲುಮನೆ ದೀಪದ ಬಗ್ಗೆ ಹೇಳುವ ಹಾಗೆ ಹೇಳಿ ಕೈತೊಳೆದುಕೊಂಡರು. 2025ರ ವಿಂಬಲ್ಡನ್ ಟೆನಿಸ್, ನಾಲ್ಕನೇ ಸುತ್ತು, ಸೆಂಟರ್ ಕೋರ್ಟ್. ಮೊದಲ ಸೆಟ್ಟಿನಲ್ಲಿ 4-4, ಪಾವ್ಲ್ಯುಚೆಂಕೋವಾಗೆ ಗೇಮ್ ಪಾಯಿಂಟ್. ಎದುರಾಳಿ ಸೋನೇ ಕಾರ್ಟಲ್ ಹೊಡೆದ ಚೆಂಡು ಕೋರ್ಟಿನ ಹಿಂಬದಿಯ ಗೆರೆಯಾದ ಬೇಸ್‌ಲೈನ್ ದಾಟಿ ಆಚೆ ಬಿತ್ತು. ಟಿವಿ ಮುಂದೆ ಕೂತಿದ್ದ ನನಗೆ ಕಂಡಿತು. ಪಾವ್ಲ್ಯುಚೆಂಕೋವಾಗಂತೂ ಕಾಲ ಬುಡದಲ್ಲೇ ಕಂಡಿತು. ಕಾಣದೇ ಹೋದದ್ದು ಯಾರಿಗೆಂದರೆ, ನೋಡುವುದೊಂದೇ ಕೆಲಸವಾಗಿದ್ದ ಯಂತ್ರಕ್ಕೆ. ಎತ್ತರದ ಕುರ್ಚಿಯಲ್ಲಿದ್ದ ಅಂಪೈರ್ ಆಟ ನಿಲ್ಲಿಸಿ, ಫೋನೆತ್ತಿ ವಿಚಾರಿಸಿ, ಯಂತ್ರ ಏನೂ ಹೇಳದ ಕಾರಣ ಪಾಯಿಂಟನ್ನು ಇನ್ನೊಮ್ಮೆ ಆಡಿ ಎಂದರು. ಆಡಿದರು. ಪಾವ್ಲ್ಯುಚೆಂಕೋವಾ ಆ ಪಾಯಿಂಟ್ ಕಳೆದುಕೊಂಡಳು, ಆಮೇಲೆ ಗೇಮನ್ನೂ ಕಳೆದುಕೊಂಡಳು. ಕೊನೆಗೆ ಪಂದ್ಯ ಗೆದ್ದಳು ಎನ್ನುವುದು ಆಕೆಯ ದೊಡ್ಡತನವೇ ಹೊರತು ಯಂತ್ರದ್ದಲ್ಲ.

ವಿಂಬಲ್ಡನ್ ನಡೆಸುವ ಕ್ಲಬ್ಬಿನವರ ವಿವರಣೆಯನ್ನು ಚಿನ್ನದ ತಗಡಿನಲ್ಲಿ ಬರೆಸಿ ಗೇಟಿಗೆ ನೇತುಹಾಕಬೇಕು: ಇದು ಮನುಷ್ಯರಿಂದಾದ ತಪ್ಪು. ಮನುಷ್ಯರು ತಪ್ಪು ಮಾಡುತ್ತಾರೆಂದು ಯಂತ್ರ ತಂದರು. ಯಂತ್ರ ತಪ್ಪು ಮಾಡಿದಾಗ, ಅದನ್ನು ಮಾಡಿದ್ದು ಮನುಷ್ಯ ಎಂದರು. ಆ ಒಂದು ಗೇಮಿನಲ್ಲಿ ಮೂರು ಸಲ ಯಂತ್ರ ಬಾಯಿ ಬಿಟ್ಟಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಪರಿಹಾರ? ಯಂತ್ರ ನಡೆಸುವವರ ಕೈಯಿಂದ ಅದನ್ನು ಆರಿಸುವ ಸೌಲಭ್ಯವನ್ನೇ ಕಿತ್ತುಕೊಂಡರು. ಎರಡು ದಿನ ಬಿಟ್ಟು ಫ್ರಿಟ್ಸ್ ಮತ್ತು ಖಚನೊವ್ ಕ್ವಾರ್ಟರ್ ಫೈನಲ್ ಆಡುವಾಗ ಅದೇ ಯಂತ್ರ ರ‍್ಯಾಲಿಯ ನಟ್ಟನಡುವೆ, ಗೆರೆಯಿಂದ ಎಷ್ಟೋ ಒಳಗೆ ಬಿದ್ದ ಚೆಂಡಿಗೆ, 'ಫಾಲ್ಟ್' ಎಂದು ಕಿರುಚಿತು. ಚೆಂಡು ಹೆಕ್ಕುವ ಹುಡುಗರಲ್ಲೊಬ್ಬರು ಕೋರ್ಟು ದಾಟುತ್ತಿರುವಾಗಲೇ ಸರ್ವ್ ಶುರುವಾಯಿತು, ಹಾಗಾಗಿ ಯಂತ್ರಕ್ಕೆ ಅದು ಸರ್ವ್ ಎಂದೇ ತಿಳಿಯಲಿಲ್ಲವಂತೆ. ಆ ಕ್ಷಣ ಅದರ ಪಾಲಿಗೆ ಆಟ ಇನ್ನೂ ಶುರುವೇ ಆಗಿರಲಿಲ್ಲ. ನಮ್ಮಲ್ಲೂ ಕೆಲವರಿಗೆ ಹೀಗಾಗುತ್ತದೆ, ಆದರೆ ಅಂಥವರನ್ನು ಗೆರೆ ಕಾಯಲು ಕೂರಿಸುವುದಿಲ್ಲ.

ಇಷ್ಟಕ್ಕೂ ನನ್ನ ತಕರಾರು ಯಂತ್ರದ ಮೇಲಲ್ಲ. 147 ವರ್ಷ ವಿಂಬಲ್ಡನ್ ಕೋರ್ಟುಗಳ ಮೂಲೆಗಳಲ್ಲಿ ಮೊಣಕಾಲಿಗೆ ಕೈಕೊಟ್ಟು ಬಗ್ಗಿ ನಿಂತು ಗೆರೆ ಕಾಯುವ ಲೈನ್ ಜಡ್ಜ್‌ಗಳಿದ್ದರು. ಗಂಟೆಗೆ 200 ಕಿಲೋಮೀಟರ್ ವೇಗದ ಚೆಂಡು ತಮ್ಮತ್ತಲೇ ಬಂದಾಗಲೂ ಕಣ್ಣು ಗೆರೆಯ ಮೇಲೆಯೇ ಇಟ್ಟು, ಮೈ ಮಾತ್ರ ಪಕ್ಕಕ್ಕೆ ತಿರುಗಿಸಿಕೊಂಡು, ಹೊಟ್ಟೆಯೊಳಗಿಂದ 'ಔಟ್' ಎಂದು ಕೂಗುವವರು. ತಪ್ಪು ಮಾಡಿದರೆ ಹತ್ತಾರು ಸಾವಿರ ಜನರ ಎದುರು ಬೈಸಿಕೊಳ್ಳುವ ಕೆಲಸ. 1981ರಲ್ಲಿ ಆಟಗಾರ ಮೆಕೆನ್ರೋ, ಚೆಂಡು ಗೆರೆಗೆ ತಾಗಿ ಸುಣ್ಣದ ಪುಡಿ ಹಾರಿತು ಎಂದು ಗಂಟಲು ಹರಿದುಕೊಂಡದ್ದಕ್ಕೆ ಎದುರಿಗೊಬ್ಬ ಮನುಷ್ಯನಿದ್ದ. ಇವತ್ತು ಅವನು ಕೂಗಬೇಕಾದರೆ ಸ್ಪೀಕರಿನ ಡಬ್ಬಕ್ಕೆ ಕೂಗಬೇಕು. 2024ರವರೆಗೆ 300ರ ಹತ್ತಿರ ಇದ್ದ ಲೈನ್ ಜಡ್ಜ್‌ಗಳಲ್ಲಿ ಸುಮಾರು 80 ಜನರನ್ನು ಸಹಾಯಕರೆಂದು ಉಳಿಸಿಕೊಂಡು, ಮಿಕ್ಕವರಿಗೆ ನಮಸ್ಕಾರ ಹೇಳಿದರು. ಸಂಪ್ರದಾಯದ ಬಗ್ಗೆ ಅಷ್ಟೇನೂ ಬಡಾಯಿ ಕೊಚ್ಚದ ಪ್ಯಾರಿಸ್ಸಿನ ಫ್ರೆಂಚ್ ಓಪನ್ನಿನವರು 2025ರಲ್ಲೂ ಮಣ್ಣಿನ ಮೇಲೆ ಮನುಷ್ಯರನ್ನೇ ನಿಲ್ಲಿಸಿದ್ದರು. ಅವರಲ್ಲಿ ಸಂಶಯ ಬಂದರೆ ಅಂಪೈರ್ ಕುರ್ಚಿಯಿಂದಿಳಿದು ಬಂದು ಚೆಂಡಿನ ಗುರುತಿಗೆ ಬೆರಳು ತೋರಿಸುತ್ತಾರೆ. ಎಷ್ಟು ಅನಾಗರಿಕ!

ಯಂತ್ರದ ಮಾತು ಬಂದಾಗ 2010 ನೆನಪಾಗದೆ ಇರುವುದು ಹೇಗೆ. ಇಸ್ನರ್ ಮತ್ತು ಮಹು, 18ನೇ ಕೋರ್ಟು, ಮೂರು ದಿನ, ಒಟ್ಟು 11 ಗಂಟೆ 5 ನಿಮಿಷ, ಐದನೇ ಸೆಟ್ 70-68. ಆಟಗಾರರು ನಿಲ್ಲಲಿಲ್ಲ, ಲೈನ್ ಜಡ್ಜ್‌ಗಳು ನಿಲ್ಲಲಿಲ್ಲ, ಹುಲ್ಲು ಕೂಡ ನಿಲ್ಲಲಿಲ್ಲ. ನಿಂತದ್ದು ಸ್ಕೋರ್‌ಬೋರ್ಡ್. 47-47ಕ್ಕೆ ಬಂದು, ಮುಂದಿನ ಸಂಖ್ಯೆ ತನಗೆ ಕಲಿಸಿಲ್ಲವೆಂದು ನಿಂತೇಬಿಟ್ಟಿತು, ಆಮೇಲೆ ಕಪ್ಪಾಯಿತು. ಆಗಲೇ ನಮಗೆ ಅರ್ಥವಾಗಬೇಕಿತ್ತು. ಗೆದ್ದ ಇಸ್ನರ್ ಮುಂದಿನ ಸುತ್ತಿನಲ್ಲಿ 6-0, 6-3, 6-2ರಿಂದ ಸೋತು ಮನೆಗೆ ಹೋದ. ಮರುವರ್ಷ ಮೊದಲ ಸುತ್ತಿನ ಚೀಟಿ ಎತ್ತಿದರೆ ಮತ್ತೆ ಇದೇ ಇಬ್ಬರು ಎದುರಾಳಿಗಳು! ವಿಧಿಗೂ ಕೆಲವೊಮ್ಮೆ ಹುಡುಗಾಟಿಕೆ. ಆ ಸಲ ಮೂರೇ ಸೆಟ್ಟಿಗೆ ಮುಗಿಯಿತು, ಸ್ಕೋರ್‌ಬೋರ್ಡ್ ಬದುಕಿಕೊಂಡಿತು.

ಹೀಗೆ ಕಣ್ಣು ಬೇಕಾದ ಕಡೆ ಕುರುಡಾಗುವ ಕ್ಲಬ್ಬಿಗೆ ಒಂದು ವಿಷಯದಲ್ಲಿ ಮಾತ್ರ ಹದ್ದಿನ ಕಣ್ಣು. ಬಟ್ಟೆ. ಬಿಳಿ ಇರಬೇಕು. ಬಿಳಿ ಎಂದರೆ ಕೆನೆ ಬಣ್ಣ ಅಲ್ಲ, ಮಾಸಲು ಬಿಳಿಯೂ ಅಲ್ಲ, ಎಂದು ನಿಯಮದಲ್ಲೇ ಬರೆದಿದ್ದಾರೆ. (ಅಲ್ಲಿನ ಪ್ರಸಿದ್ಧ ತಿಂಡಿ ಸ್ಟ್ರಾಬೆರಿ ಜೊತೆ ತಿನ್ನಲು ಕೆನೆ ಬೇಕು, ಉಟ್ಟುಕೊಳ್ಳಲು ಕೆನೆ ಬಣ್ಣ ಬೇಡ.) ಅಂಚಿನ ಬಣ್ಣದ ಪಟ್ಟಿ ಒಂದು ಸೆಂಟಿಮೀಟರ್ ಮೀರಕೂಡದು. ಟೋಪಿ ಬಿಳಿ, ಪಟ್ಟಿ ಬಿಳಿ, ಕಾಲುಚೀಲ ಬಿಳಿ. ಒಳಉಡುಪು, ಬೆವರಿಗೆ ಒದ್ದೆಯಾಗಿ ಹೊರಗೆ ಕಾಣುವುದಾದರೆ, ಅದೂ ಬಿಳಿ. ಇದನ್ನೆಲ್ಲ ಯಾರೋ ಕೂತು ಯೋಚಿಸಿ, ಟೈಪು ಮಾಡಿ, ಅನುಮೋದನೆ ಪಡೆದಿದ್ದಾರೆ. ವಿಕ್ಟೋರಿಯಾ ಕಾಲದ ಮಂದಿಗೆ ಬೆವರಿನ ಕಲೆ ಕಂಡರೆ ಅಸಹ್ಯವಾಗುತ್ತಿತ್ತು, ಅದಕ್ಕೇ ಬಿಳಿ ಬಂತು ಎನ್ನುತ್ತಾರೆ. ಆ ಮಡಿ ಇನ್ನೂ ಬಿಟ್ಟಿಲ್ಲ. 2013ರಲ್ಲಿ ಫೆಡರರ್, ಅಷ್ಟರಲ್ಲಾಗಲೇ ಏಳು ಸಲ ಗೆದ್ದವನು, ಕಿತ್ತಳೆ ಬಣ್ಣದ ಅಂಗಾಲಿನ ಬೂಟು ಹಾಕಿ ಮೊದಲ ಸುತ್ತು ಆಡಿದ. ಇನ್ನೊಮ್ಮೆ ಅದನ್ನು ಹಾಕಬೇಡಪ್ಪಾ ಎಂದರು. ಅಂಗಾಲು! ಮನುಷ್ಯ ನಡೆಯುವಾಗ ನೆಲಕ್ಕೆ ಮಾತ್ರ ಕಾಣುವ ಭಾಗ. ಬಿಳಿ ಅಂಗಾಲಿನಲ್ಲಿ ಬಂದು ಎರಡನೇ ಸುತ್ತಿನಲ್ಲೇ 116ನೇ ರ‍್ಯಾಂಕಿನ ಸ್ಟಾಖೊವ್‌ಸ್ಕಿಗೆ ಸೋತ. ಮೈಲಿಗೆ ಕಳೆಯಿತು.

ಪ್ರೇಕ್ಷಕರೇನು ಪಾರಾದರೆ? 2015ರ ಫೈನಲ್ಲಿಗೆ, ಗಣ್ಯರು ಕೂರುವ ರಾಯಲ್ ಬಾಕ್ಸಿಗೆ ಆಹ್ವಾನವಿದ್ದ ಲೂಯಿಸ್ ಹ್ಯಾಮಿಲ್ಟನ್ ಕೋಟು, ಟೈ ಇಲ್ಲದೆ ಬಂದರೆಂದು ಹಾಗೇ ವಾಪಸ್ ಕಳಿಸಿದರು. ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದರೇನು, ಗೇಟಿನ ಹತ್ತಿರ ಎಲ್ಲರಿಗೂ ವೇಗಮಿತಿ ಒಂದೇ.

ಇಲ್ಲಿಯವರೆಗೆ ನಗಬಹುದು. ಇನ್ನೊಂದಿದೆ, ಅದಕ್ಕೆ ನನಗೆ ನಗು ಬರುವುದಿಲ್ಲ. ಹೆಂಗಸರು ವಿಂಬಲ್ಡನ್ನಿನಲ್ಲಿ ಆಡಲು ಶುರುಮಾಡಿದ್ದು 1884ರಲ್ಲಿ. ಸ್ಕರ್ಟಿನೊಳಗೆ ಗಾಢ ಬಣ್ಣದ ಚಡ್ಡಿ ಹಾಕಿಕೊಳ್ಳಲು ಅವರಿಗೆ ಅನುಮತಿ ಸಿಕ್ಕಿದ್ದು 2023ರಲ್ಲಿ. ಮುಟ್ಟಿನ ದಿನಗಳಲ್ಲಿ, ಮೈಯೆಲ್ಲ ಬಿಳಿ ಹೊದ್ದು, ಜಗತ್ತಿನ ಕ್ಯಾಮೆರಾಗಳೆದುರು ಓಡಿ, ಜಿಗಿದು, ಜಾರಿ ಬೀಳುವ ಹೆಂಗಸಿನ ತಲೆಯಲ್ಲಿ ಏನು ಓಡುತ್ತಿರುತ್ತದೆ ಎಂದು 139 ವರ್ಷ ಆ ಸಮಿತಿಯ ಒಬ್ಬರಿಗೂ ಕೇಳಬೇಕೆನ್ನಿಸಲಿಲ್ಲ. ಆಟಗಾರ್ತಿಯರು ಬಾಯಿಬಿಟ್ಟು ಹೇಳಬೇಕಾಯಿತು, 2022ರ ಹೆಂಗಸರ ಫೈನಲ್ ದಿನ ಕೆಲವರು ಗೇಟಿನ ಹೊರಗೆ ಬಂದು ನಿಲ್ಲಬೇಕಾಯಿತು. ಆಮೇಲೆ ಕೊಟ್ಟರು, ಅದಕ್ಕೂ ಷರತ್ತು: ಒಳಚಡ್ಡಿ ಸ್ಕರ್ಟಿಗಿಂತ ಉದ್ದ ಇರಕೂಡದು. ಲೈನ್ ಜಡ್ಜ್‌ಗಳನ್ನು ಕಳಿಸಲು ಒಂದು ಪ್ರಕಟಣೆ ಸಾಕಾಯಿತು. ಇದಕ್ಕೆ 139 ವರ್ಷ ಬೇಕಾಯಿತು. ಸಂಪ್ರದಾಯವೆಂದರೆ ಇದೇ ಆದರೆ, ಅದು ಯಾರ ಅನುಕೂಲಕ್ಕೆ ಬಗ್ಗುತ್ತದೆ, ಯಾರೆದುರು ಸೆಟೆದು ನಿಲ್ಲುತ್ತದೆ ಎನ್ನುವುದು ಗೊತ್ತಾಗಲು ಯಂತ್ರವೇನೂ ಬೇಕಾಗಿಲ್ಲ.

ಹೋಗಲಿ. ಹುಲ್ಲಿಗೆ ಬರೋಣ.

ಟೆನಿಸ್ ಅಭಿಮಾನಿಯಾದವನು ವರ್ಷದ ಐದು ವಾರ ಸಸ್ಯಶಾಸ್ತ್ರಜ್ಞನಾಗುತ್ತಾನೆ. ಎತ್ತರ 8 ಮಿಲಿಮೀಟರ್. 2001ಕ್ಕೆ ಮುಂಚೆ 70 ಭಾಗ ರೈ ಹುಲ್ಲು, 30 ಭಾಗ ಫೆಸ್ಕ್ಯೂ ಎಂಬ ಇನ್ನೊಂದು ಹುಲ್ಲು, ಆಮೇಲೆ ಪೂರ್ತಿ ರೈ. ಈ ಒಂದು ವಾಕ್ಯದ ಮೇಲೆ ಗೆಳೆತನಗಳು ಮುರಿದುಬಿದ್ದಿವೆ. ಆ 30 ಭಾಗ ಫೆಸ್ಕ್ಯೂ ಹೋದದ್ದರಿಂದಲೇ ಸರ್ವ್ ಮಾಡಿ ನೆಟ್ಟಿಗೆ ನುಗ್ಗುವ ಆಟ ಸತ್ತಿತು ಎಂದು ನಂಬುವ ಒಂದು ಪಂಥವಿದೆ. ರ‍್ಯಾಕೆಟ್ಟಿನ ತಂತಿ ಬದಲಾದದ್ದರಿಂದ ಎನ್ನುವುದು ಇನ್ನೊಂದು ಪಂಥ. ದ್ವೈತ ಅದ್ವೈತ ಇಷ್ಟು ಬಿಸಿಯಾಗಿ ನಡೆದಿರಲಾರದು. ಮುಂಚೆ ಎರಡನೇ ವಾರದ ಹೊತ್ತಿಗೆ ಬೇಸ್‌ಲೈನಿನಿಂದ ನೆಟ್ಟಿನ ತನಕ ಹುಲ್ಲು ಸವೆದು ಕಾಲುದಾರಿ ಬಿದ್ದಿರುತ್ತಿತ್ತು. ಈಗ ಬೇಸ್‌ಲೈನ್ ಬೋಳು, ನೆಟ್ಟಿನ ಹತ್ತಿರ ಮದುವೆಮನೆ ಚಪ್ಪರದಷ್ಟು ಹಸಿರು. ಅಲ್ಲಿಗೆ ಯಾರೂ ಹೋಗುವುದೇ ಇಲ್ಲ.

ಹುಲ್ಲು ಹಸುಗಳಿಗೆ ಎನ್ನುವ ಚಾಟಿಮಾತು ಈ ಆಟದಲ್ಲಿ ಹಳೆಯದು, ಹುಲ್ಲಿನ ಮೇಲೆ ಸೋತ ಒಬ್ಬಿಬ್ಬರ ಹೆಸರಿಗಲ್ಲ ಅದು ಅಂಟಿಕೊಂಡಿರುವುದು. ಅವರಲ್ಲಿ ಇವಾನ್ ಲೆಂಡ್ಲ್ ಒಬ್ಬ. ಅವನ ಕಥೆ ನೋಡಿ. 1986ರಲ್ಲಿ ವಿಂಬಲ್ಡನ್ ಫೈನಲ್ಲಿಗೆ ಬಂದು ಬೆಕರ್‌ಗೆ ಸೋತ, 1987ರಲ್ಲಿ ಕ್ಯಾಷ್‌ಗೆ ಸೋತ. ಮೂರು ಸಲ ಫ್ರೆಂಚ್ ಓಪನ್ ಗೆದ್ದಿದ್ದವನು 1990ರಲ್ಲಿ ಪ್ಯಾರಿಸ್ಸನ್ನೇ ಬಿಟ್ಟು, ಹುಲ್ಲಿನ ಮೇಲೆ ತಪಸ್ಸಿಗೆ ಕೂತ. ಸೆಮಿಫೈನಲ್ಲಿನಲ್ಲಿ ಎಡ್ಬರ್ಗ್ ಮನೆಗೆ ಕಳಿಸಿದ. ಅತ್ತ ಮಣ್ಣೂ ಇಲ್ಲ, ಇತ್ತ ಹುಲ್ಲೂ ಇಲ್ಲ. ಇನ್ನು ಜೊಕೊವಿಚ್ 2011ರಲ್ಲಿ ಮೊದಲ ಸಲ ಗೆದ್ದವನೇ ಕೆಳಗೆ ಕೂತು ಒಂದು ಚಿಟಿಕೆ ಹುಲ್ಲು ಕಿತ್ತು ಬಾಯಿಗೆ ಹಾಕಿಕೊಂಡು ಅಗಿದ. ಆಮೇಲೆ ಗೆದ್ದಾಗಲೆಲ್ಲ ಅದೇ ಪ್ರಸಾದ. ಹಸುಗಳ ವಾದಕ್ಕೆ ಇಷ್ಟು ಗಟ್ಟಿ ಉತ್ತರವನ್ನು ಯಾವ ವಕೀಲನೂ ಕೊಟ್ಟಿರಲಾರ.

ಈ ಪವಿತ್ರ ಹುಲ್ಲಿನ ಕಾಲ ಎಷ್ಟು ದಿನ? 2025ರಲ್ಲಿ ಜೂನ್ 8ರಂದು ಅಲ್ಕರಾಸ್ ಮತ್ತು ಸಿನ್ನರ್ ಪ್ಯಾರಿಸ್ಸಿನ ಕೆಂಪು ಮಣ್ಣಿನಲ್ಲಿ 5 ಗಂಟೆ 29 ನಿಮಿಷ ಬಡಿದಾಡಿದರು. ಜುಲೈ 13ರಂದು ಅದೇ ಇಬ್ಬರು ಲಂಡನ್ನಿನಲ್ಲಿ ಮತ್ತೆ ಆಡಿ ಕಪ್ ಎತ್ತುವಷ್ಟರಲ್ಲಿ ಹುಲ್ಲಿನ ಸೀಸನ್ ಹೆಚ್ಚೂಕಮ್ಮಿ ಮುಗಿದೇಹೋಗಿತ್ತು. 1974ರವರೆಗೆ ನಾಲ್ಕು ಗ್ರ್ಯಾಂಡ್‌ಸ್ಲ್ಯಾಮ್‌ಗಳಲ್ಲಿ ಮೂರು ಹುಲ್ಲಿನ ಮೇಲೆಯೇ ನಡೆಯುತ್ತಿದ್ದವು. ಈಗ ಅವುಗಳ ಕೆಳಗಿನ ಮೆಟ್ಟಿಲಾದ ಗಂಡಸರ ಒಂಬತ್ತು ಮಾಸ್ಟರ್ಸ್ ಟೂರ್ನಿಗಳಲ್ಲಿ ಒಂದೂ ಹುಲ್ಲಿನದಲ್ಲ. ಹಿಂದೆ ಪ್ಯಾರಿಸ್ಸಿಗೂ ವಿಂಬಲ್ಡನ್ನಿಗೂ ನಡುವೆ ಎರಡೇ ವಾರ ಇರುತ್ತಿತ್ತು, 2015ರಲ್ಲಿ ಕೈಬಿಚ್ಚಿ ಇನ್ನೊಂದು ವಾರ ದಾನ ಮಾಡಿದರು. ಆ ಮೂರು ವಾರದಲ್ಲಿ ಅಭಿಮಾನಿ ಸ್ಟುಟ್‌ಗಾರ್ಟ್, ಹಾಲೆ, ಕ್ವೀನ್ಸ್, ಈಸ್ಟ್‌ಬೋರ್ನ್ ಎಲ್ಲ ಸುತ್ತಬೇಕು. ಮಣ್ಣಿನ ದೊರೆ ನಡಾಲ್ ಹುಟ್ಟಿದ ಮಯೋರ್ಕಾದಲ್ಲೂ ಹುಲ್ಲು ಬೆಳೆಸಿದ್ದಾರೆ. ನೆದರ್ಲೆಂಡ್ಸಿನಲ್ಲಿ ಇನ್ನೊಂದು ಊರಿದೆ, ಅದರ ಹೆಸರು ಶುರುವಾಗುವುದೇ ಒಂದು ಅಪಾಸ್ಟ್ರಫಿಯಿಂದ. ಅದನ್ನು ಉಚ್ಚರಿಸಲು ಕಲಿಯುವಷ್ಟರಲ್ಲಿ ಅಲ್ಲಿ ಫೈನಲ್ ಮುಗಿದು ನೆಟ್ಟು ಬಿಚ್ಚಿರುತ್ತಾರೆ.

ಹುಲ್ಲಿಗೆ ವಿಶ್ರಾಂತಿ ಬೇಕು ಎಂದು ವಿಂಬಲ್ಡನ್ನಿನ ಎರಡು ವಾರಗಳ ನಡುವಿನ ಭಾನುವಾರ ಆಟವಿಲ್ಲದ ಕಾಲವೊಂದಿತ್ತು. ಮಳೆ ವಿಪರೀತ ಕಾಡಿದ ನಾಲ್ಕೇ ನಾಲ್ಕು ವರ್ಷ ಆ ವ್ರತ ಮುರಿದಿದ್ದರು. 2022ರಿಂದ ವ್ರತವೇ ರದ್ದು. ಹುಲ್ಲು ನೋಡಿಕೊಳ್ಳುವ ತಂತ್ರ ಸುಧಾರಿಸಿದೆಯಂತೆ. ಇರಬಹುದು. ಒಂದು ಭಾನುವಾರದ ಟಿಕೆಟ್ಟು, ಟಿವಿ ಹಕ್ಕು ಇವೆಲ್ಲ ಹುಲ್ಲಿನ ಆರೋಗ್ಯಕ್ಕೆ ಎಷ್ಟು ಒಳ್ಳೆಯ ಗೊಬ್ಬರ ಎಂದು ಮೊದಲೇ ಗೊತ್ತಿದ್ದರೆ ಪಾಪ ವಿಕ್ಟೋರಿಯಾ ಕಾಲದವರೂ ಹಾಕುತ್ತಿದ್ದರು. ಇತ್ತ ಸೆಂಟರ್ ಕೋರ್ಟಿಗೆ 2009ರಲ್ಲೇ ಚಾವಣಿ ಬಂತು, ದೀಪಗಳೂ ಬಂದವು. ಆದರೂ ಅಲ್ಲಿ ಆಟ ಶುರುವಾಗುವುದು ಮಧ್ಯಾಹ್ನ ಒಂದೂವರೆಗೆ. ರಾತ್ರಿ 11ಕ್ಕೆ ಅಕ್ಕಪಕ್ಕದವರ ನಿದ್ದೆಗೆಂದು ಸ್ಥಳೀಯ ಆಡಳಿತದ ನಿಯಮದಂತೆ ನಿಲ್ಲಿಸಲೇಬೇಕು. ಐದನೇ ಸೆಟ್ಟಿನ ಹೊಸ್ತಿಲಲ್ಲಿ ನಿಂತವರನ್ನು 'ನಾಳೆ ಬನ್ನಿ' ಎಂದು ಕಳಿಸುತ್ತಾರೆ. ಬೆಳಿಗ್ಗೆ 11ಕ್ಕೆ ಶುರುಮಾಡಿದರಾಗದೇ ಎಂದು ಕೇಳಿ ನೋಡಿ. ಉತ್ತರ ನಿಮಗೆ ಗೊತ್ತು. ಅಜ್ಜ ನೆಟ್ಟ ಆಲದ ಮರ.

2010ರಿಂದ ಸ್ಟ್ರಾಬೆರಿ ಮತ್ತು ಕೆನೆಯ ಬೆಲೆ ಎರಡೂವರೆ ಪೌಂಡ್ ದಾಟಿರಲಿಲ್ಲ. 2025ರಲ್ಲಿ 2.70 ಮಾಡಿದರು. ಇಪ್ಪತ್ತು ಪೆನ್ಸ್! ಪತ್ರಿಕೆಗಳಲ್ಲಿ ಸೂತಕದ ಧಾಟಿಯ ವರದಿಗಳು. ಅದೇ ಹೊತ್ತಿಗೆ ಸೆಂಟರ್ ಕೋರ್ಟಿನ ಒಂದು ಕುರ್ಚಿಯ ಐದು ವರ್ಷದ ಡಿಬೆಂಚರ್, ಅಂದರೆ ದುಡ್ಡು ಕೊಟ್ಟು ಅಷ್ಟು ವರ್ಷಕ್ಕೆ ಕುರ್ಚಿ ಕಾಯ್ದಿರಿಸುವ ಪತ್ರ, 80,000 ಪೌಂಡಿನಿಂದ 1,16,000ಕ್ಕೆ ಏರಿತ್ತು, ಅದಕ್ಕೆ ಯಾರೂ ಅಷ್ಟು ಕಣ್ಣೀರು ಹಾಕಲಿಲ್ಲ. ಕಾನೂನುಬದ್ಧವಾಗಿ ಬೇರೆಯವರಿಗೆ ಮಾರಬಹುದಾದ ಟಿಕೆಟ್ಟೂ ಅದೊಂದೇ. ಮಿಕ್ಕ ಮಂದಿ ಪಾರ್ಕಿನಲ್ಲಿ ಟೆಂಟು ಹಾಕಿ, ರಾತ್ರಿಯಿಡೀ ನೆನೆದು, ನಂಬರು ಬರೆದ ಕಾರ್ಡು ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ಸಾಲಿನಲ್ಲಿ ಹೇಗೆ ನಿಲ್ಲಬೇಕೆಂದು ಕ್ಲಬ್ಬಿನವರೇ ಕೈಪಿಡಿ ಹಂಚುತ್ತಾರೆ. ಬಡವರಿಗೆ ಓದಲು ಏನಾದರೂ ಬೇಕಲ್ಲ.

ಆ ಕ್ಲಬ್ಬಿನಲ್ಲಿ ನನಗೆ ಮನಸಾರೆ ಗೌರವವಿರುವ ಸಿಬ್ಬಂದಿ ಒಬ್ಬನೇ, ರೂಫಸ್ ಎಂಬ ಹ್ಯಾರಿಸ್ ಗಿಡುಗ. ಬೆಳಿಗ್ಗೆ ಪ್ರೇಕ್ಷಕರು ಬರುವ ಮೊದಲು ಕೋರ್ಟಿನ ಸುತ್ತ ಹಾರಿ ಪಾರಿವಾಳಗಳನ್ನು ಓಡಿಸುವುದು ಅವನ ಕೆಲಸ. 2012ರಲ್ಲಿ ಯಾರೋ ಅವನನ್ನು ಕಾರಿನಿಂದ ಕದ್ದೊಯ್ದಿದ್ದರು, ಕೆಲವು ದಿನ ಬಿಟ್ಟು ಸಿಕ್ಕಿದ, ಮತ್ತೆ ಕೆಲಸಕ್ಕೆ ಹಾಜರಾದ. ಅವನ ಕಣ್ಣನ್ನು ಇದುವರೆಗೆ ಯಾರೂ ಆಫ್ ಮಾಡಿಲ್ಲ. ಮೈಯೆಲ್ಲ ಕಂದು ಬಣ್ಣ, ರೆಕ್ಕೆಯ ಹೆಗಲ ಮೇಲೆ ಕೆಂಪು ಪಟ್ಟಿ, ಅದೂ ಒಂದು ಸೆಂಟಿಮೀಟರಿಗಿಂತ ಅಗಲ. ಅಳತೆಪಟ್ಟಿ ಹಿಡಿದು ಅವನ ಹತ್ತಿರ ಹೋಗುವ ಧೈರ್ಯ ಸಮಿತಿಯಲ್ಲಿ ಯಾರಿಗೂ ಬಂದ ಹಾಗಿಲ್ಲ.