ಬಾಟಲಿ ಇಟ್ಟವನೇ ಹೊಲದೊಡೆಯ

ಜಮೀನು ತಕರಾರು ಅಂದರೆ ನಮಗೆ ಗೊತ್ತಿರುವುದು ಇಷ್ಟೇ. ರಾತ್ರೋರಾತ್ರಿ ಬದು ಒತ್ತುವುದು, ಸರ್ವೆ ಕಲ್ಲು ಕಿತ್ತೆಸೆಯುವುದು, ಆಮೇಲೆ ಜೀವನವಿಡೀ ಕೋರ್ಟಿಗೆ ಅಲೆಯುವುದು. ಕೆನಡಾ ಮತ್ತು ಡೆನ್ಮಾರ್ಕ್ ಇದಕ್ಕಿಂತ ಮರ್ಯಾದಸ್ತ ದಾರಿ ಕಂಡುಕೊಂಡಿದ್ದವು. ಬಾವುಟ ನೆಡುವುದು, ಪಕ್ಕದಲ್ಲಿ ಒಂದು ಬಾಟಲಿ ಇಡುವುದು, ಮನೆಗೆ ಹೋಗುವುದು!

ಜಾಗದ ಹೆಸರು ಹ್ಯಾನ್ಸ್ ದ್ವೀಪ. ಡೆನ್ಮಾರ್ಕಿಗೆ ಸೇರಿದ ಗ್ರೀನ್‌ಲ್ಯಾಂಡ್ ಮತ್ತು ಕೆನಡಾದ ಎಲ್ಸ್‌ಮೀರ್ ದ್ವೀಪದ ನಡುವೆ, ಹಿಮ ತುಂಬಿದ ಜಲಸಂಧಿಯಲ್ಲಿದೆ. ಹೆಚ್ಚೂಕಮ್ಮಿ 1.3 ಚದರ ಕಿಲೋಮೀಟರ್ ಬಂಡೆ. ಮರವಿಲ್ಲ, ಮನೆಯಿಲ್ಲ, ನರಪಿಳ್ಳೆ ಇಲ್ಲ. 1973ರಲ್ಲಿ ಎರಡೂ ದೇಶಗಳು ಕೂತು ಸಮುದ್ರದಲ್ಲಿ ಗಡಿ ಗೆರೆ ಎಳೆದವು. ಗೆರೆ ದ್ವೀಪದ ಈಚೆ ದಡದವರೆಗೆ ಬಂದು ನಿಂತಿತು, ಆಚೆ ದಡದಿಂದ ಮತ್ತೆ ಶುರುವಾಯಿತು. ಅಂಗಳದಲ್ಲಿ ಮಲಗಿದ ನಾಯಿಯನ್ನು ಎಬ್ಬಿಸದೆ ರಂಗೋಲಿ ಹಾಕಿದ ಹಾಗೆ.

1984ರಲ್ಲಿ ಕೆನಡಾದ ಸೈನಿಕರು ಹೋಗಿ ಬಾವುಟ ನೆಟ್ಟು, ವಿಸ್ಕಿ ಇಟ್ಟು ಬಂದರು. ಅದೇ ವರ್ಷ ಡೆನ್ಮಾರ್ಕಿನ ಗ್ರೀನ್‌ಲ್ಯಾಂಡ್ ಖಾತೆ ಮಂತ್ರಿ ಟಾಮ್ ಹೋಯೆಮ್ ಹೆಲಿಕಾಪ್ಟರಿನಿಂದ ಇಳಿದರು. ತಮ್ಮ ಬಾವುಟ, ತಮ್ಮ ಬಾಟಲಿ, ಜೊತೆಗೆ ‘ಡೆನ್ಮಾರ್ಕಿನ ದ್ವೀಪಕ್ಕೆ ಸುಸ್ವಾಗತ’ ಅಂತ ಒಂದು ಚೀಟಿ. 2005ರಲ್ಲಿ ಕೆನಡಾದ ರಕ್ಷಣಾ ಮಂತ್ರಿ ಬಿಲ್ ಗ್ರಹಾಂ ಅಲ್ಲಿಗೆ ಹೋಗಿ ಸುಮ್ನೆ ಒಂದು ಸುತ್ತು ಹಾಕಿದರು. ಡೆನ್ಮಾರ್ಕ್ ಮುನಿಸಿಕೊಂಡು ಪ್ರತಿಭಟನೆ ಸಲ್ಲಿಸಿತು. ಬಂಡೆ ಎಲ್ಲಿತ್ತೋ ಅಲ್ಲೇ ಇತ್ತು.

ಅಲ್ಲ, ವಾರಸುದಾರರು ಯಾರು ಅಂತ ಯಾರಾದರೂ ಕೇಳಬೇಕಿತ್ತು ಅಲ್ವಾ? ಆ ಹಿಮನಾಡಿನ ಮೂಲನಿವಾಸಿಗಳಾದ ಇನ್ಯುಟ್ ಬೇಟೆಗಾರರು ನೂರಾರು ವರ್ಷದಿಂದ ಆ ಹಿಮದ ಮೇಲೆ ಓಡಾಡಿದವರು. ದ್ವೀಪವನ್ನು ಅವರು ಕರೆಯುವುದು ಟಾರ್ಟುಪಾಲುಕ್ ಅಂತ. ಆಕಾರ ಕಿಡ್ನಿಯಂತಿದೆ, ಅದಕ್ಕೇ ಆ ಹೆಸರು. ಕಿಡ್ನಿ ಮೇಲೆ ವರ್ಷಗಟ್ಟಲೆ ವಿಸ್ಕಿ ಇಟ್ಟರೆ ಏನಾಗುತ್ತದೆ ಅಂತ ಯಾವ ಡಾಕ್ಟರನ್ನು ಕೇಳಿದರೂ ಹೇಳುತ್ತಾರೆ. ಇನ್ನು ಹ್ಯಾನ್ಸ್ ಅಂದರೆ ಯಾವುದೋ ರಾಜನಲ್ಲ. ಗ್ರೀನ್‌ಲ್ಯಾಂಡಿನ ಇನ್ಯುಟ್ ಬೇಟೆಗಾರ ಹ್ಯಾನ್ಸ್ ಹೆಂಡ್ರಿಕ್. 19ನೇ ಶತಮಾನದಲ್ಲಿ ಅಮೆರಿಕದಿಂದ ಬಂದ ಧ್ರುವ ಯಾತ್ರಿಗಳಿಗೆ ದಾರಿ ತೋರಿಸಿದವನು, ಬೇಟೆಯಾಡಿ ಹೊಟ್ಟೆ ತುಂಬಿಸಿದವನು. ಎರಡೂ ಹೆಸರು ಅವರ ಕಡೆಯವೇ. ಬಾವುಟ ಮಾತ್ರ ಬೇರೆಯವರದು.

ಕೊನೆಗೆ 2022ರ ಜೂನ್ 14ರಂದು ಒಟ್ಟಾವಾದಲ್ಲಿ ರಾಜಿಯಾಯಿತು. ದ್ವೀಪದ ನಡುವಿನ ಕೊರಕಲು ಹಿಡಿದು ಪೋಡಿ ಮಾಡಿದರು. 49 ವರ್ಷದ ಹಿಂದೆ ಸಮುದ್ರದಲ್ಲಿ ಗೆರೆ ಎಳೆದಾಗಲೂ ಆ ಕೊರಕಲು ಅಲ್ಲೇ ಇತ್ತು. ಮಂತ್ರಿಗಳು ನಗುನಗುತ್ತಾ ಬಾಟಲಿ ಅದಲುಬದಲು ಮಾಡಿಕೊಂಡರು. ಇನ್ಯುಟರನ್ನೂ ಬರಿಗೈಯಲ್ಲಿ ಬಿಡಲಿಲ್ಲ. ಅಜ್ಜ ಮುತ್ತಜ್ಜನ ಕಾಲದಿಂದ ಓಡಾಡಿದ ಬಂಡೆಯ ಮೇಲೆ ಅವರು ಇನ್ನು ಮುಂದೆಯೂ ಓಡಾಡಬಹುದಂತೆ.