ತಾರತಮ್ಯದ ದೂರಿಗೆ 180 ದಿನಗಳ ಗಡುವು ಸಡಿಲವಾಗಬೇಕೇ?

ಪರ: ಸಡಿಲವಾಗಬೇಕು

ಅಮೆರಿಕದ 1964ರ ನಾಗರಿಕ ಹಕ್ಕುಗಳ ಕಾಯ್ದೆಯಡಿ, ಜನಾಂಗ, ಧರ್ಮ, ಲಿಂಗ ಮುಂತಾದ ಕಾರಣಗಳಿಗೆ ಕೆಲಸದಲ್ಲಿ ತಾರತಮ್ಯಕ್ಕೊಳಗಾದವರು ಸಮಾನ ಉದ್ಯೋಗಾವಕಾಶ ಆಯೋಗಕ್ಕೆ 180 ದಿನಗಳೊಳಗೆ ದೂರು ಸಲ್ಲಿಸಬೇಕು; ಇಂಥ ದೂರುಗಳನ್ನು ವಿಚಾರಿಸುವ ಸಂಸ್ಥೆ ರಾಜ್ಯದಲ್ಲೂ ಇದ್ದರೆ 300 ದಿನಗಳ ಅವಕಾಶವಿದೆ. ಆದರೆ ಅನ್ಯಾಯವಾಗಿರುವುದೇ ಗೊತ್ತಿಲ್ಲದವರು ದಿನ ಎಣಿಸುವುದಾದರೂ ಹೇಗೆ? ಅಲಬಾಮಾದ ಟೈರ್ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕಿಯಾಗಿದ್ದ ಲಿಲ್ಲಿ ಲೆಡ್‌ಬೆಟರ್ ಅವರ ಮಾಸಿಕ ಸಂಬಳ 1997ರ ಕೊನೆಯಲ್ಲಿ 3,727 ಡಾಲರ್ ಇದ್ದಾಗ, ಅದೇ ಹುದ್ದೆಯ ಪುರುಷರಲ್ಲಿ ಎಲ್ಲರಿಗಿಂತ ಕಡಿಮೆ ಪಡೆಯುತ್ತಿದ್ದವರಿಗೂ 4,286 ಡಾಲರ್ ಸಿಗುತ್ತಿತ್ತು. ಯಾರೋ ಹೆಸರು ಬರೆಯದೆ ಇಟ್ಟುಹೋದ ಒಂದು ಚೀಟಿಯಿಂದ ಅವರಿಗೆ ಈ ಅಂತರ ತಿಳಿಯಿತು. ಹಳೆಯ ಸಂಬಳ ನಿರ್ಧಾರಗಳನ್ನು ಪ್ರಶ್ನಿಸುವ ಕಾಲ ಮೀರಿದೆ ಎಂದು 2007ರಲ್ಲಿ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ತೀರ್ಪು ನೀಡಿತು. ತಾರತಮ್ಯದ ಪ್ರತಿ ಸಂಬಳ ಪಾವತಿಯಿಂದಲೂ ಗಡುವು ಹೊಸದಾಗಿ ಆರಂಭವಾಗುತ್ತದೆ ಎಂದು 2009ರ ಕಾಯ್ದೆ ಆ ತಪ್ಪನ್ನು ತಿದ್ದಿತಾದರೂ, ಕೆಲಸದಿಂದ ವಜಾ ಮಾಡುವಂಥ ಒಂದೇ ಬಾರಿಯ ನಿರ್ಧಾರಗಳಿಗೆ ಆ ಅನುಕೂಲವಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ನಿಯಮ. ವಜಾಗೊಂಡ ನೌಕರ ಮೊದಲು ಸಂಸ್ಥೆಯೊಳಗೇ ಮೇಲ್ಮನವಿ ಸಲ್ಲಿಸಿ ಉತ್ತರಕ್ಕೆ ಕಾಯುತ್ತಾನೆ; ಅವನು ಕಾಯುವ ದಿನಗಳೂ ಗಡುವಿನಲ್ಲೇ ಕಳೆಯುತ್ತವೆ. ಮಾಲೀಕರನ್ನು ನಂಬಿದ್ದಕ್ಕೇ ಹಕ್ಕು ಕಳೆದುಕೊಳ್ಳುವುದು ನ್ಯಾಯವಲ್ಲ. ಕ್ಯಾಲಿಫೋರ್ನಿಯಾ 2020ರಿಂದ ತನ್ನ ರಾಜ್ಯ ಕಾನೂನಿನಡಿ ಮೂರು ವರ್ಷ ಕೊಟ್ಟಿದೆ. ಉಳಿದೆಡೆಯ ನೌಕರರಿಗೂ ಅದು ಸಿಗಬೇಕು.

ವಿರೋಧ: ಇರುವ ಗಡುವೇ ಇರಲಿ

ತಡವಾದ ದೂರಿನಿಂದ ಮೊದಲು ಸೋಲುವುದು ದೂರುದಾರರೇ. ನೇಮಕಾತಿ, ಬಡ್ತಿಗಳ ಕಡತಗಳನ್ನು ಖಾಸಗಿ ಮಾಲೀಕರು ಸಾಮಾನ್ಯವಾಗಿ ಒಂದು ವರ್ಷ ಮಾತ್ರ ಕಾಪಾಡಿದರೆ ಸಾಕು. ದೂರು ದಾಖಲಾದರೆ ಮಾತ್ರ ಅದಕ್ಕೆ ಸಂಬಂಧಿಸಿದ ಕಡತಗಳನ್ನು ಪ್ರಕರಣ ಮುಗಿಯುವವರೆಗೆ ಉಳಿಸಲೇಬೇಕು. ಸಂದರ್ಶನದಲ್ಲಿ ಅಂಕ ಬರೆದುಕೊಂಡ ಹಾಳೆ ಎರಡನೇ ವರ್ಷದಲ್ಲಿ ಕಸದಬುಟ್ಟಿ ಸೇರಿದ್ದರೆ, ಮೂರು ವರ್ಷಗಳ ಗಡುವು ಇದ್ದೂ ಏನು ಪ್ರಯೋಜನ?

ಆಯೋಗಕ್ಕೆ ದೂರು ಕೊಡುವುದೆಂದರೆ ಮೊಕದ್ದಮೆ ಹೂಡಿದಂತಲ್ಲ. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಮಾಲೀಕರೇ ದಾರಿ ತಪ್ಪಿಸಿದಂಥ ಸಂದರ್ಭಗಳಲ್ಲಿ ಗಡುವನ್ನು ಸಡಿಲಿಸುವ ಅಧಿಕಾರ ನ್ಯಾಯಾಲಯಗಳಿಗಿದೆ ಎಂಬುದು 1982ರಲ್ಲೇ ಇತ್ಯರ್ಥವಾಗಿದೆ. ಮೇಲ್ಮನವಿಗೆ ಕಾಯುತ್ತಾ ದಿನ ಕಳೆದುಕೊಳ್ಳುವವರ ಕಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದಕ್ಕೆ ಕಾರಣ ದಿನಗಳ ಕೊರತೆಗಿಂತ ಮಾಹಿತಿಯ ಕೊರತೆ. ವಜಾ ಪತ್ರದಲ್ಲೇ ದೂರಿನ ಕೊನೆಯ ದಿನಾಂಕವನ್ನೂ ಆಯೋಗದ ವಿಳಾಸವನ್ನೂ ನಮೂದಿಸುವುದನ್ನು ಕಡ್ಡಾಯ ಮಾಡಲಿ.